ಡಿಬಿಎಸ್ ಸೇವೆ: ಸರ್ಟಿಫಿಕೇಟಿಗೆ ನಾಲ್ಕು ಸ್ಟಾರ್, ನಮ್ಮತ್ತೆಯ ಪ್ರಶ್ನೆಗೆ ಒಂದೂ ಇಲ್ಲ

ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆಗೋ ವಯಸ್ಸಾದವರ ಜೊತೆಗೋ ಕೆಲಸ ಮಾಡುವ ಕನ್ನಡದವರಿಗೆ ಡಿಬಿಎಸ್ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿರುವವರಿಗಾಗಿ ಹೇಳ್ತೀನಿ: ಡಿಸ್‌ಕ್ಲೋಷರ್ ಅಂಡ್ ಬಾರಿಂಗ್ ಸರ್ವಿಸ್. ಹೆಸರಲ್ಲೇ ಎರಡು ಕೆಲಸ ಇದೆ. ಒಬ್ಬರ ಮೇಲೆ ಪೊಲೀಸ್ ದಾಖಲೆ ಏನಿದೆ ಅಂತ ಸರ್ಟಿಫಿಕೇಟ್ ಕೊಡುವುದು ಒಂದು. ಮಕ್ಕಳ, ಅಶಕ್ತರ ಹತ್ತಿರ ಸುಳಿಯಬಾರದವರನ್ನು ಪಟ್ಟಿಗೆ ಸೇರಿಸಿ ಆ ಕೆಲಸಗಳಿಂದ ದೂರ ಇಡುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಗಿರಾಕಿ. ಎರಡನೆಯದಕ್ಕೆ ನಮ್ಮತ್ತೆ ಏನಾಗಬೇಕು ಅನ್ನೋದಕ್ಕೆ ನನಗಿನ್ನೂ ಪದ ಸಿಕ್ಕಿಲ್ಲ. ಗಿರಾಕಿ ಅಂತೂ ಅಲ್ಲ.

ಮೊದಲು ಸುಲಭದ್ದು ಹೇಳಿ ಮುಗಿಸ್ತೀನಿ. ನಮ್ಮ ಕಡೆ ಶನಿವಾರದ ಕನ್ನಡ ತರಗತಿಗೆ ಟೀಚರ್ ಬೇಕು ಅಂದಾಗ ನಾನು ಕೈ ಎತ್ತಿದ್ದೆ. ಬಾಡಿಗೆಗೆ ಹಿಡಿದ ಚರ್ಚ್ ಹಾಲ್, ಹನ್ನೊಂದು ಮಕ್ಕಳು, ‘ಳ’ ಅನ್ನಲು ನಾಲಿಗೆ ಮಡಚಿ ಮಡಚಿ ಸುಸ್ತಾಗುವ ಪುಟ್ಟ ಮುಖಗಳು. ವಾರಕ್ಕೊಮ್ಮೆ ಮಕ್ಕಳಿಗೆ ಪಾಠ ಹೇಳುವುದು ಇಲ್ಲಿ ‘ರೆಗ್ಯುಲೇಟೆಡ್ ಆಕ್ಟಿವಿಟಿ’, ಅಂದರೆ ಪಟ್ಟಿಯಲ್ಲಿರುವವರು ಮಾಡಲೇಬಾರದ ಕೆಲಸ. ಹಾಗಾಗಿ ಎನ್‌ಹ್ಯಾನ್ಸ್‌ಡ್ ಚೆಕ್, ಅಂದರೆ ಹೆಚ್ಚು ಆಳದ ತಪಾಸಣೆ, ಬೇಕು. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಐದು ವರ್ಷದ ವಿಳಾಸಗಳು. ಸಂಬಳವಿಲ್ಲದೆ ಮಾಡುವವರಿಗೆ ಶುಲ್ಕ ಇಲ್ಲ. ಸರ್ಟಿಫಿಕೇಟ್ ನೇರ ನನ್ನ ಮನೆಗೇ ಬಂತು. ಕೆಲಸ ಕೊಡುವವರಿಗೆ ನಾವೇ ತೋರಿಸಬೇಕು. ಅದರ ಮೇಲಿನ ತಾರೀಖಿನಿಂದ ಮೂವತ್ತು ದಿನದೊಳಗೆ ಅಪ್‌ಡೇಟ್ ಸರ್ವಿಸ್‌ಗೆ ಹೆಸರು ಸೇರಿಸಿದರೆ ಪ್ರತಿ ಸಲ ಹೊಸ ಅರ್ಜಿ ಹಾಕುವ ರಗಳೆ ಇರಲ್ಲ. ಇಪ್ಪತ್ತೆಂಟನೇ ದಿನ ನೆನಪಾಗಿ ರಾತ್ರಿ ಹನ್ನೊಂದಕ್ಕೆ ಕೂತು ಸೇರಿಸಿದೆ. ಅದು ನನ್ನ ಸೋಮಾರಿತನ, ಅವರ ತಪ್ಪಲ್ಲ.

ಒಂದು ಸ್ಟಾರ್ ಕಿತ್ತುಕೊಂಡಿದ್ದು ಯಾಕೆಂದರೆ, ಈ ಹಾಳೆಗೆ ಮೈಸೂರು ಗೊತ್ತಿಲ್ಲ. ಬೇರೆ ದೇಶದಲ್ಲಿ ಕಳೆದ ವರ್ಷಗಳ ದಾಖಲೆ ತಾನಾಗಿ ಇದರಲ್ಲಿ ಬರಲ್ಲ, ಅದನ್ನು ಬೇರೆಯಾಗಿ ತರಿಸಬೇಕು. ಇಪ್ಪತ್ತಾರು ವರ್ಷ ಸರಸ್ವತಿಪುರಂನಲ್ಲಿ ನಾನು ಏನು ಮಾಡಿಕೊಂಡಿದ್ದೆ ಅಂತ ಈ ಸರ್ಟಿಫಿಕೇಟ್ ನೋಡಿ ಹೇಳೋಕಾಗಲ್ಲ.

ಆ ಹಾಳೆಯಲ್ಲಿ ಎರಡು ಸಾಲು ನನ್ನ ಕಣ್ಣಿಗೆ ಹಾಗೇ ಅಂಟಿಕೊಂಡಿವೆ. ಮಕ್ಕಳ ಬಾರ್ಡ್ ಲಿಸ್ಟ್, ಅಂದರೆ ಮಕ್ಕಳಿಂದ ದೂರ ಇಡಬೇಕಾದವರ ಪಟ್ಟಿ, ಅನ್ನುವ ಕಡೆ ‘ನನ್ ರೆಕಾರ್ಡೆಡ್’, ಅಂದರೆ ಹೆಸರಿಲ್ಲ. ವಯಸ್ಕರ ಬಾರ್ಡ್ ಲಿಸ್ಟ್ ಅನ್ನುವ ಕಡೆ ‘ನಾಟ್ ರಿಕ್ವೆಸ್ಟೆಡ್’, ಯಾರೂ ಕೇಳಿಲ್ಲ. ನನ್ನ ಕೆಲಸ ಮಕ್ಕಳ ಜೊತೆ, ಅದಕ್ಕೇ ಕೇಳಿಲ್ಲ, ಅಷ್ಟೇ. ಆದರೆ ಎರಡನೇ ಪಟ್ಟಿಯಲ್ಲಿ ಒಂದು ಹೆಸರಿದೆಯೋ ಇಲ್ಲವೋ ಅಂತ ನಮ್ಮ ಮನೆಯಲ್ಲಿ ಒಬ್ಬರು ಒಂದೂವರೆ ವರ್ಷದಿಂದ ಕೇಳ್ತಾನೇ ಇದ್ದಾರೆ.

ನಮ್ಮತ್ತೆಗೆ ಎಂಬತ್ನಾಲ್ಕು. ಹುಬ್ಬಳ್ಳಿಯವರು. ಮಾವ ಡಾಕ್ಟರು, 1972ರಲ್ಲಿ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಬಂದವರು, ಈಗಿಲ್ಲ. ಅತ್ತೆ ಐವತ್ತು ವರ್ಷ ಇಂಗ್ಲಿಷಿನಲ್ಲೇ ಪೇಟೆ, ಬ್ಯಾಂಕು, ನೆರೆಹೊರೆ ಎಲ್ಲ ನಿಭಾಯಿಸಿದವರು. ಮನೆಯೊಳಗೆ ಮಾತ್ರ ಇವತ್ತಿಗೂ ಅಪ್ಪಟ ಹುಬ್ಬಳ್ಳಿ. ಸೊಂಟದ ಮೂಳೆ ಮುರಿದ ಮೇಲೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೇರರ್ ಬರುವ ಹಾಗೆ ಒಂದು ಏಜೆನ್ಸಿ ಗೊತ್ತು ಮಾಡಿದೆವು. ಬಾಗಿಲ ಪಕ್ಕ ಕೀ ಸೇಫ್, ಅಂದರೆ ಬೀಗದ ಕೈ ಇಡುವ ಪುಟ್ಟ ಪೆಟ್ಟಿಗೆ, ಅದಕ್ಕೆ ನಾಲ್ಕಂಕಿಯ ಕೋಡ್. ಅಡುಗೆಮನೆ ಕಟ್ಟೆಯ ಮೇಲೆ ಒಂದು ನೀಲಿ ಫೋಲ್ಡರ್. ಬಂದವರು ಅದರಲ್ಲಿ ಬರೆದು ಹೋಗಬೇಕು: ಮೈ ತೊಳೆಸಿದೆ, ಗಂಜಿ ಕುಡಿದರು, ಮಾತ್ರೆ ಕೊಟ್ಟೆ, ಹೊರಡುವಾಗ ಆರಾಮಾಗಿದ್ದರು.

ಒಬ್ಬ ಹೆಂಗಸು ಬರೋಕೆ ಶುರುವಾದ ಮೇಲೆ ಅತ್ತೆ ಎರಡು ಮೂರು ಸಲ ಅಂದರು, “ಆಕಿ ತಲಿ ಹಿಕ್ಕೋ ಮುಂದ ಬೇಕಂತ ಜಗ್ಗತಾಳ ನೋಡ.” ನಾನು “ಗಂಟಾಗಿರತ್ತೆ ಅತ್ತೆ, ಎಣ್ಣೆ ಹಚ್ಕೊಳ್ಳಿ” ಅಂದುಬಿಟ್ಟೆ. ಬೇರೆಯವರ ಮೇಲೆ ವಿಮರ್ಶೆ ಬರೆಯೋಕೆ ಕೂತವಳು ಇದನ್ನೂ ಬರೆಯಬೇಕು.

ಒಂದು ಭಾನುವಾರ ಒಳಗಿನ ಬನಿಯನ್ ಬದಲಾಯಿಸುವಾಗ ತೋಳು ನೋಡಿದೆ. ಮುಂದೆ ನಾಲ್ಕು ಕಲೆ ಸಾಲಾಗಿ, ಹಿಂದೆ ಒಂದು. ನನ್ನ ಕೈಯನ್ನು ಅದರ ಮೇಲಿಟ್ಟರೆ ಬೆರಳಿಗೆ ಬೆರಳು ಸರಿಯಾಗಿ ಕೂತಿತು. ಅಂಚಿನಲ್ಲಿ ಹಳದಿಗೆ ತಿರುಗಿತ್ತು, ಮೂರು ನಾಲ್ಕು ದಿನದ್ದಿರಬೇಕು ಅನ್ನಿಸಿತು. ಬಿದ್ದರೆ ಒತ್ತಲು ಕೊರಳಲ್ಲಿರಬೇಕಾದ ಅಲಾರಂ ಬಟನ್ ಕೋಣೆಯ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ನೇತಾಡ್ತಿತ್ತು. ಅದನ್ನು ದಿನಾ ಬೆಳಿಗ್ಗೆ ಅಲ್ಲಿ ಹಾಕಿ ಹೋಗ್ತಾಳೆ, ಸುಮ್ಮಸುಮ್ಮನೆ ಒತ್ತುತ್ತೀ ಅಂತ ಬೈತಾಳೆ, ದೂರು ಹೇಳಿದರೆ ಇನ್ನು ಯಾರೂ ಬರಲ್ಲ ಅಂತಾಳೆ, ಅಂತ ಅತ್ತೆ ಅವತ್ತು ಹೇಳಿದರು. ಫೋಲ್ಡರ್ ತೆಗೆದು ಬುಧವಾರ, ಗುರುವಾರದ ಪುಟ ನೋಡಿದೆ. ಹೊರಡುವಾಗ ಆರಾಮಾಗಿದ್ದರು.

ಕೌನ್ಸಿಲ್ಲಿನ ಸೇಫ್‌ಗಾರ್ಡಿಂಗ್ ವಿಭಾಗಕ್ಕೆ, ಅಂದರೆ ಸ್ಥಳೀಯ ಆಡಳಿತದಲ್ಲಿ ಅಶಕ್ತರ ರಕ್ಷಣೆ ನೋಡುವವರಿಗೆ, ಹೇಳಿದೆವು. 2014ರ ಕೇರ್ ಆಕ್ಟ್‌ನ 42ನೇ ಸೆಕ್ಷನ್ ಪ್ರಕಾರ ಅವರು ವಿಚಾರಣೆ ಮಾಡಲೇಬೇಕು, ಮಾಡಿದರು. ಬಂದ ಸೋಷಿಯಲ್ ವರ್ಕರ್ ಚಿಕ್ಕ ವಯಸ್ಸಿನ ಹುಡುಗಿ. ಅತ್ತೆಯ ಮಂಚದ ಪಕ್ಕ ನೆಲದ ಮೇಲೇ ಕೂತು, ಇದರಿಂದ ನಿಮಗೆ ಏನಾಗಬೇಕು ಅಂತ ಕೇಳಿದಳು. ಪರಿಹಾರವಾ, ಕ್ಷಮೆಯಾ, ಶಿಕ್ಷೆಯಾ? ಅತ್ತೆ ಅವಳಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ, ಅದು ಸಾಲದು ಅನ್ನಿಸಿತೇನೋ, ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದರು: “ಆಕಿ ಮತ್ತೊಬ್ಬ ಮುದುಕಿ ಮೈ ಮುಟ್ಟಬಾರದು. ಅಷ್ಟ.” ಹುಡುಗಿ ಅದನ್ನು ಫಾರಂನಲ್ಲಿ ಬರೆದುಕೊಂಡಳು.

ಆಮೇಲೆ ನಡೆದದ್ದು ಇಷ್ಟು. ಸಾಕ್ಷಿ ಸಾಲದು, ಕೇಸ್ ಹಾಕಲ್ಲ ಅಂತ ಪೊಲೀಸರಿಂದ ಪತ್ರ ಬಂತು. ಬೇಜಾರಾಯಿತು, ಆದರೆ ಉತ್ತರ ಅಂತ ಒಂದು ಬಂತು. ದೂರು ನಿಜ ಅಂತ ಕಂಡುಬಂದಿದೆ ಅಂತ ಕೌನ್ಸಿಲ್ ಮೀಟಿಂಗಿನಲ್ಲಿ ಎದುರೆದುರೇ ಹೇಳಿದರು. ವಿಚಾರಣೆ ಮುಗಿಯುವ ಮೊದಲೇ ಆ ಹೆಂಗಸು ರಾಜೀನಾಮೆ ಕೊಟ್ಟು ಹೋಗಿದ್ದಳು. ಹಾಗೆ ಬಿಟ್ಟುಹೋದರೂ ಡಿಬಿಎಸ್‌ಗೆ ವರದಿ ಕಳಿಸುವುದು ಏಜೆನ್ಸಿಯ ಕರ್ತವ್ಯ. ಸಕಾರಣವಿಲ್ಲದೆ ಕಳಿಸದಿದ್ದರೆ ಅದೇ ಅಪರಾಧ. “ಕಳಿಸಿದ್ದೇವೆ” ಅಂದರು. ಯಾವ ತಾರೀಖು ಅಂತ ಕೇಳಿದ್ದಕ್ಕೆ ಎಚ್‌ಆರ್‌ನವರು ತಿಳಿಸ್ತಾರೆ ಅಂದರು. ಎರಡನೇ ಸಲ ಕೇಳುವಷ್ಟರಲ್ಲಿ ಮ್ಯಾನೇಜರ್ ಬದಲಾಗಿದ್ದರು. ಮೂರನೇ ಸಲ ಒಂದೇ ಸಾಲಿನ ಇಮೇಲ್: ಇದು ಗೋಪ್ಯ ವಿಷಯ. ಈ ಏಜೆನ್ಸಿಗೆ ನನ್ನಿಂದ ಸ್ಟಾರ್ ಇಲ್ಲ. ಹೆಸರೂ ಹಾಕಲ್ಲ, ಹಾಕಿದರೆ ಅವರ ವಕೀಲರಿಗೆ ನಾನು ಸ್ಟಾರ್ ಕೊಡಬೇಕಾಗತ್ತೆ.

ಅಲ್ಲಿಂದ ಮುಂದೆ ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಊಟದ ಬಿಡುವು ಸಿಕ್ಕಾಗೆಲ್ಲ ಕೂತು ಕಾನೂನು ಓದಿದೆ. ಡಿಬಿಎಸ್‌ಗೆ ಫೋನೂ ಮಾಡಲಿಲ್ಲ, ಅವರ ಮೇಲೆ ನನ್ನದು ವೈಯಕ್ತಿಕ ದೂರು ಏನೂ ಇಲ್ಲ. ಅವರ ಕೈ ಕಟ್ಟಿರುವುದು ಎಲ್ಲಿ ಅಂತ ನೋಡಬೇಕಿತ್ತು.

ಈ ವ್ಯವಸ್ಥೆ ಹುಟ್ಟಿದ ಕಥೆ ಓದಿದರೆ ಹೊಟ್ಟೆ ತೊಳಸತ್ತೆ. 2002ರ ಆಗಸ್ಟಿನಲ್ಲಿ ಕೇಂಬ್ರಿಡ್ಜ್‌ಶೈರಿನ ಸೋಹಮ್ ಅನ್ನುವ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅಲ್ಲಿನ ಒಂದು ಶಾಲೆಯ ಕೇರ್‌ಟೇಕರ್. ಅವನ ಮೇಲೆ ಬೇರೆ ಜಿಲ್ಲೆಯಲ್ಲಿ ಮೊದಲೇ ಎಷ್ಟೋ ದೂರುಗಳಿದ್ದವು, ಅವು ಶಾಲೆಯ ತನಕ ತಲುಪಿರಲಿಲ್ಲ. ಸರ್ ಮೈಕೆಲ್ ಬಿಚರ್ಡ್ ವಿಚಾರಣೆ ನಡೆಸಿ 2004ರಲ್ಲಿ ವರದಿ ಕೊಟ್ಟರು. ಅದರಿಂದ 2006ರಲ್ಲಿ ಸೇಫ್‌ಗಾರ್ಡಿಂಗ್ ವಲ್ನರಬಲ್ ಗ್ರೂಪ್ಸ್ ಆಕ್ಟ್ ಬಂತು. 2012ರ ಡಿಸೆಂಬರ್ 1ಕ್ಕೆ ಎರಡು ಹಳೆಯ ಕಚೇರಿಗಳನ್ನು ಕೂಡಿಸಿ ಡಿಬಿಎಸ್ ಮಾಡಿದರು. ಲಿವರ್‌ಪೂಲಿನಲ್ಲೊಂದು, ಡಾರ್ಲಿಂಗ್ಟನ್ನಿನಲ್ಲೊಂದು ಆಫೀಸು. ಗೊತ್ತಿದ್ದವರು ಗೊತ್ತಿರಬೇಕಾದವರಿಗೆ ಹೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕಟ್ಟಿದ ಮನೆ ಇದು.

ಒಳಗಿನ ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ವರದಿ ಬಂದರೆ ಅದು ನಡೆದಿರುವ ಸಂಭವವೇ ಹೆಚ್ಚಾ ಅಂತ ತೂಗಿ ನೋಡ್ತಾರೆ, ಕೋರ್ಟಿನ ಶಿಕ್ಷೆಯೇ ಆಗಿರಬೇಕು ಅಂತಿಲ್ಲ. ನಿಮ್ಮನ್ನು ಪಟ್ಟಿಗೆ ಸೇರಿಸುವ ಯೋಚನೆಯಲ್ಲಿದ್ದೇವೆ ಅಂತ ಆ ವ್ಯಕ್ತಿಗೆ ಪತ್ರ ಕಳಿಸ್ತಾರೆ, ತನ್ನ ಕಡೆಯದನ್ನು ಹೇಳಿಕೊಳ್ಳಲು ಎಂಟು ವಾರ ಕೊಡ್ತಾರೆ. ಸೇರಿಸಿದ ಮೇಲೆ, ಇಪ್ಪತ್ತೈದು ದಾಟಿದವರಾದರೆ, ಮರುಪರಿಶೀಲನೆ ಮಾಡಿ ಅಂತ ಕೇಳಲು ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು. ಪಟ್ಟಿಯಲ್ಲಿದ್ದೂ ಆ ಕೆಲಸಕ್ಕೆ ಹೋದರೆ ಐದು ವರ್ಷದ ತನಕ ಜೈಲು. ತೀರ್ಮಾನ ತಪ್ಪು ಅನ್ನಿಸಿದರೆ ಅಪ್ಪರ್ ಟ್ರಿಬ್ಯುನಲ್ಲಿಗೆ ಹೋಗಬಹುದು. ಮುದುಕಿಯ ತೋಳು ಹಿಂಡಿದವರಿಗೂ ಇಷ್ಟೆಲ್ಲ ಅವಕಾಶ ಇರಬೇಕಾ ಅಂದರೆ, ಇರಬೇಕು. ಯಾರದೋ ಹೊಟ್ಟೆಪಾಡಿನ ಪ್ರಶ್ನೆ, ಸುಳ್ಳು ದೂರುಗಳೂ ಇರ್ತವೆ.

ಈ ಉದ್ದ ದಾರಿಯಲ್ಲಿ ಯಾರಿಗೆ ಪತ್ರ ಹೋಗತ್ತೆ ಅಂತ ಬೆರಳಿಟ್ಟು ಹುಡುಕಿದೆ. ಆರೋಪ ಹೊತ್ತವರಿಗೆ. ಅವರನ್ನು ಅಂಥ ಕೆಲಸದಲ್ಲಿ ಇಟ್ಟುಕೊಂಡವರಿಗೆ. ವೃತ್ತಿಯ ನಿಯಂತ್ರಣ ಮಂಡಳಿಗಳಿಗೆ. ಪೊಲೀಸರಿಗೆ. ಏಟು ತಿಂದವರಿಗೆ ಅನ್ನುವ ಸಾಲು ಎಲ್ಲೂ ಇಲ್ಲ. ಪಟ್ಟಿ ಸಾರ್ವಜನಿಕವಲ್ಲ. ನಮ್ಮ ಬಗ್ಗೆ ನಿಮ್ಮ ಹತ್ತಿರ ಇರುವ ಮಾಹಿತಿ ಕೊಡಿ ಅಂತ ದತ್ತಾಂಶ ಕಾಯ್ದೆಯಲ್ಲಿ ಕೇಳಬಹುದು. ಹಾಗೆ ಕೇಳಿದರೆ ಅತ್ತೆಯ ತೋಳಿನ ಬಗ್ಗೆ ಬರೆದದ್ದು ಅತ್ತೆಯ ಮಾಹಿತಿ. ಆ ತೋಳನ್ನು ನೋಡಿ ಏನು ತೀರ್ಮಾನಿಸಿದರು ಅನ್ನುವುದು ಮಾತ್ರ ಆ ಹೆಂಗಸಿನ ಮಾಹಿತಿ. ಸೇಬು ನಿಮ್ಮದು, ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು ಅಂತ ಮಾತ್ರ ನೋಡಬೇಡಿ ಅಂದ ಹಾಗೆ.

ಸಂಕಟ ಇನ್ನೊಂದಿದೆ, ಇದು ಇಲ್ಲಿರುವ ಎಷ್ಟೋ ಕನ್ನಡದವರಿಗೂ ಗೊತ್ತಿಲ್ಲ. ಅದೇ ಕೈ ಒಬ್ಬ ನರ್ಸಿನದಾಗಿದ್ದರೆ ನರ್ಸಿಂಗ್ ಕೌನ್ಸಿಲ್ ವಿಚಾರಣೆ ಆಗತ್ತೆ, ಶಿಕ್ಷೆಯಾದರೆ ಪ್ರಕಟಿಸ್ತಾರೆ, ರಿಜಿಸ್ಟರಿನಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಅದೇ ಕೇರರ್ ವೇಲ್ಸ್‌ನಲ್ಲೋ ಸ್ಕಾಟ್‌ಲ್ಯಾಂಡಿನಲ್ಲೋ ಇದ್ದಿದ್ದರೆ ಅಲ್ಲಿ ಕೇರ್ ಕೆಲಸದವರಿಗೂ ರಿಜಿಸ್ಟರ್ ಇದೆ. ಇಂಗ್ಲೆಂಡಿನಲ್ಲಿ ಮನೆಗೆ ಬಂದು ಮೈ ತೊಳೆಸುವವರಿಗೆ ರಿಜಿಸ್ಟರೇ ಇಲ್ಲ. ಪೊಲೀಸರು ಕೇಸ್ ಹಾಕಿದ್ದರೆ ವಿಕ್ಟಿಮ್ಸ್ ಕೋಡ್, ಅಂದರೆ ಅಪರಾಧಕ್ಕೆ ತುತ್ತಾದವರ ಹಕ್ಕುಗಳ ನಿಯಮದ ಪ್ರಕಾರ ಫಲಿತಾಂಶ ತಿಳಿಯುವ ಹಕ್ಕು ಅತ್ತೆಗೆ ಇರ್ತಿತ್ತು. ಹಾಕಲಿಲ್ಲವಲ್ಲ, ಉಳಿದದ್ದು ಡಿಬಿಎಸ್ ಒಂದೇ ಬಾಗಿಲು. ಕಾನೂನು ಅದಕ್ಕೆ ಒಳಗಿನಿಂದ ಚಿಲಕ ಇಟ್ಟಿದೆ.

ಏಜೆನ್ಸಿ ನಿಜವಾಗಿ ವರದಿ ಕಳಿಸಿತಾ ಅನ್ನುವುದೂ ಇದರ ಜೊತೆಗೇ ಹೂತುಹೋಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಪ್ರೊಫೆಸರ್ ಅಲೆಕ್ಸಿಸ್ ಜೇ ನಡೆಸಿದ ದೊಡ್ಡ ವಿಚಾರಣೆಯ ಅಂತಿಮ ವರದಿ 2022ರ ಅಕ್ಟೋಬರಿನಲ್ಲಿ ಬಂತು. ಡಿಬಿಎಸ್‌ಗೆ ವರದಿ ಕಳಿಸುವ ಕರ್ತವ್ಯವನ್ನು ಸಂಸ್ಥೆಗಳು ಪಾಲಿಸುವ ಹಾಗೆ ಬಿಗಿ ಮಾಡಿ ಅನ್ನುವುದು ಅದರ ಶಿಫಾರಸುಗಳಲ್ಲೊಂದು. ಅಂದರೆ ಕಳಿಸದವರು ಇದ್ದಾರೆ ಅಂತಾಯಿತು. ಏನಾಯಿತು ಅಂತ ಎಲ್ಲರಿಗಿಂತ ಜಾಸ್ತಿ ಕೇಳುವವರು ಪೆಟ್ಟು ತಿಂದವರೇ. ಅವರಿಗೆ ಉತ್ತರ ಸಿಗುವ ಹಾಗಿದ್ದರೆ, ಕಳಿಸದೆ ಕೂತವರು ತಾವಾಗಿ ಸಿಕ್ಕಿಬೀಳ್ತಾರೆ.

ಗೋಪ್ಯ ಯಾಕೆ ಅಂತ ನನಗೆ ಅರ್ಥವಾಗಲ್ಲ ಅಂದುಕೊಳ್ಳಬೇಡಿ. ಇದು ಶಿಕ್ಷೆಯಲ್ಲ, ಮುಂಜಾಗ್ರತೆ ಅಂತಾರೆ. ಕೋರ್ಟಿನಲ್ಲಿ ಅಪರಾಧ ಸಾಬೀತಾಗದವರ ಹೆಸರು ಹೊರಬಿದ್ದರೆ ಅವರ ಮನೆ ಕಿಟಕಿಗೆ ಕಲ್ಲು ಬೀಳತ್ತೆ. ನಿಜ ಹೇಳಬೇಕೆಂದರೆ, ನನಗೆ ಆಗ ಉತ್ತರ ಸಿಕ್ಕಿದ್ದರೆ ಮಿಡ್‌ಲ್ಯಾಂಡ್ಸ್ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ಅರ್ಧ ಗಂಟೆಯೊಳಗೆ ಹಾಕಿರ್ತಿದ್ದೆ, ಫೋಟೋ ಸಮೇತ. ನನ್ನಂಥವರಿಂದಲೇ ಗೋಪ್ಯ ಇಟ್ಟಿರೋದು, ಒಪ್ಪಿದೆ.

ಇದನ್ನು ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಹೇಳಿದೆ. ಅವಳು ತನ್ನ ಕಂಪನಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿದ್ದಾಳೆ. “ಅಯ್ಯೋ ಅಕ್ಕ, ದೂರು ಕೊಟ್ಟವರಿಗೇ ಹೇಳಲ್ವಾ?” ಅಂದಳು. ನಮ್ಮ 2013ರ ಕಾಯ್ದೆಯ ಪ್ರಕಾರ ವಿಚಾರಣೆ ಮುಗಿದ ಹತ್ತು ದಿನದೊಳಗೆ ವರದಿ ಮಾಲೀಕರಿಗೆ ಹೋಗಬೇಕು, ದೂರು ಕೊಟ್ಟವರಿಗೂ ಆರೋಪ ಹೊತ್ತವರಿಗೂ ಅದು ಸಿಗಬೇಕು. ಅದೇ ಕಾಯ್ದೆ, ಇಬ್ಬರ ಹೆಸರನ್ನೂ ವಿಚಾರಣೆಯ ವಿವರವನ್ನೂ ಪೇಪರಿಗೆ, ಊರಿಗೆ ಹೇಳಬಾರದು ಅಂತ ಬಾಯಿಗೆ ಬೀಗವನ್ನೂ ಹಾಕಿದೆ. ಅದು ಎಷ್ಟು ಕಂಪನಿಗಳಲ್ಲಿ ಸರಿಯಾಗಿ ನಡೆಯತ್ತೆ ಅನ್ನುವುದು ಬೇರೆ ಮಾತು. ತಂಗಿ ಅದರ ಬಗ್ಗೆ ಶುರು ಮಾಡಿದರೆ ಫೋನ್ ಬಿಸಿಯಾಗತ್ತೆ. ಆದರೆ ಸಂಬಂಧಪಟ್ಟವರಿಗೆ ಹೇಳುವುದು ಬೇರೆ, ಊರಿಗೆ ಡಂಗುರ ಸಾರುವುದು ಬೇರೆ ಅಂತ ಕಾನೂನು ಬರೆದವರಿಗೆ ತಿಳಿದಿತ್ತು. ಅತ್ತೆಗೆ ಬೇಕಿರುವುದು ಫೈಲೂ ಅಲ್ಲ, ಕಾರಣವೂ ಅಲ್ಲ. ಹೌದು ಅಥವಾ ಇಲ್ಲ. ಬೇಕಾದರೆ ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿಸಿಕೊಳ್ಳಲಿ. ನನ್ನನ್ನು ಕೋಣೆಯಿಂದ ಆಚೆ ಕಳಿಸಿ ಅವರೊಬ್ಬರಿಗೇ ಹೇಳಲಿ.

ಇದನ್ನು ಓದುವವರಲ್ಲಿ ಯಾರ ಅಪ್ಪ ಅಮ್ಮನಿಗಾದರೂ ಇಲ್ಲಿ ಕೇರರ್ ಬರ್ತಿದ್ದರೆ ನಾನು ತಡವಾಗಿ ಕಲಿತದ್ದು ಹೇಳ್ತೀನಿ. ಮನೆಯವರು ಡಿಬಿಎಸ್‌ಗೆ ನೇರ ಬರೆಯುವುದಕ್ಕಿಂತ ಪೊಲೀಸರಿಗೋ ಕೌನ್ಸಿಲ್ಲಿಗೋ ಹೇಳುವುದೇ ದಾರಿ, ಕೌನ್ಸಿಲ್ಲಿನವರೂ ಡಿಬಿಎಸ್‌ಗೆ ವರದಿ ಕಳಿಸಬಹುದು. ಕಳಿಸ್ತೀರಾ ಅಂತ ಆ ಮೀಟಿಂಗಿನಲ್ಲೇ ಕೇಳಿ, ಉತ್ತರವನ್ನು ಮೀಟಿಂಗಿನ ಬರಹದಲ್ಲಿ ಸೇರಿಸಲು ಹೇಳಿ. ನಾನು ಟೀ ಕೊಡುವುದರಲ್ಲಿ ಮರೆತೆ.

ಈಗ ಬೇರೆ ಏಜೆನ್ಸಿ. ಬರುವ ಹುಡುಗಿ ಕೊಟ್ಟಾಯಂ ಕಡೆಯವಳು, ಅತ್ತೆಯ ತಲೆಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಾಳೆ, ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡ್ತಾರೆ, ಹೇಗೋ ನಡೆಯತ್ತೆ. ಅವಳಿಗೆ ಐದು ಸ್ಟಾರ್. ಕೀ ಸೇಫಿನ ಕೋಡ್ ಬದಲಾಯಿಸಿದ್ದೇವೆ. ಅವಳಿಗೆ ರಜೆ ಇದ್ದು ಬದಲಿಗೆ ಯಾರೋ ಬರ್ತಾರೆ ಅಂದ ದಿನ ಮಾತ್ರ ಅತ್ತೆ ಬೆಳಿಗ್ಗೆ ಆರಕ್ಕೇ ನನಗೆ ಫೋನ್ ಮಾಡ್ತಾರೆ. ಕೊರಳಿನ ಅಲಾರಂ ಬಟನ್ನನ್ನು ರವಿಕೆಯೊಳಗೆ ಸೇರಿಸಿ ಪಿನ್ ಹಾಕಿಕೊಂಡಿರ್ತಾರೆ.

ಹೋದ ಭಾನುವಾರ ಮತ್ತೆ ಕೇಳಿದರು. “ಆಕಿದು ಏನಾತವಾ?”

“ಗೊತ್ತಿಲ್ಲ ಅತ್ತೆ. ಹೇಳೋ ಹಾಗಿಲ್ವಂತೆ.”

“ಹೊಡಸಿಕೊಂಡಾಕಿ ನಾ. ನನಗ ಹೇಳಾಕ ಏನ್ ಅಡ್ಡಿ ಅವರಿಗೆ?”

ನನ್ನ ಸರ್ಟಿಫಿಕೇಟ್ ಬ್ಯಾಗಿನಲ್ಲೇ ಇತ್ತು, ತರಗತಿಯವರಿಗೆ ತೋರಿಸಿ ವಾಪಸ್ ಬಂದಿದ್ದೆ. ಕನ್ನಡಕ ಕೇಳಿ ಹಾಕಿಕೊಂಡು ಅದನ್ನು ಮೇಲಿಂದ ಕೆಳಗೆ ಓದಿದರು. ವಯಸ್ಕರ ಪಟ್ಟಿಯ ಸಾಲಿಗೆ ಬಂದು ಉಗುರಿನಿಂದ ಕುಟ್ಟಿ, “ಇಲ್ಲಿ ಕೇಳಿಲ್ಲ ಅಂತ ಬರದಾರಲ್ಲ. ನಾ ಕೇಳೇನಿ ಅಂತ ಬರದ ಕಳಸು” ಅಂದರು.